ಗಾಳಿಕೆರೆಗೆ ಒಂದು ದಿನ: ಹೋಗುವ ಲೆಕ್ಕ, ಬರುವ ಲೆಕ್ಕ

ಕಳೆದ ಸೆಪ್ಟೆಂಬರಿನ ಒಂದು ಸಂಜೆ. ಶಿವಮೊಗ್ಗದಲ್ಲಿ ಜಿಟಿಜಿಟಿ ಮಳೆ. ನನ್ನ ಅಣ್ಣನ ಮಗ ಹಿಮಾಚಲದಿಂದ ಮೊಬೈಲಿಗೆ ಒಂದು ವಿಡಿಯೊ ಕಳುಹಿಸಿದ್ದ. ಸ್ಪಿತಿಯ ಚಂದ್ರತಾಲ್ ಸರೋವರ. ಸಮುದ್ರಮಟ್ಟದಿಂದ 4,200 ಮೀಟರಿಗಿಂತ ಎತ್ತರದಲ್ಲಿ, ಬೋಳು ಬೆಟ್ಟಗಳ ನಡುವೆ, ನೀಲಿ ಬಟ್ಟಲಿನ ಹಾಗಿತ್ತು. ಅಲ್ಲಿಗೆ ಹೋಗುವ ದಾರಿಯ ಕುಂಜುಮ್ ಪಾಸ್ ಕೂಡ ಅದರಲ್ಲಿತ್ತು. ನನ್ನ ಮೊಮ್ಮಗ ಅದನ್ನು ನಾಲ್ಕು ಸಲ ನೋಡಿದ. ಅವನಿಗೆ 8 ವರ್ಷ, ಅವನ ಅಕ್ಕನಿಗೆ 12.

“ಅಜ್ಜ, ನಮ್ಮಲ್ಲಿ ಇಂಥ ಕೆರೆ ಇಲ್ವಾ? ಪಾಸ್ ಇಲ್ವಾ?” ಎಂದು ಕೇಳಿದ.

“ಎರಡೂ ಇವೆ. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು” ಎಂದುಬಿಟ್ಟೆ. ಒಳಗಿನಿಂದ ನಮ್ಮಾಕೆ, “ನೀವು ಸಂಜೆಗೆ ಮನೆ ಸೇರಿದ ಹಾಗೇ ಸರಿ” ಎಂದಳು. ಆ ಮಾತಿಗೊಂದು ಹಳೆಯ ಕಾರಣವಿದೆ. ಮುಂದೆ ಹೇಳುತ್ತೇನೆ.

ಗುಂಡಿಗೆ ಕೊಂಬಿದೆ, ಗಂಡಿಗಿಲ್ಲ

ಮಕ್ಕಳೇ, ‘ಪಾಸ್’ ಎಂಬುದಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ: ಗಂಡಿ. ಎರಡು ಬೆಟ್ಟಗಳ ನಡುವೆ ದಾಟಲು ಸಿಗುವ ಸಂದು. ಚಿಕ್ಕಮಗಳೂರಿನ ಕೈಮರದಿಂದ ಬಾಬಾಬುಡನ್‌ಗಿರಿಗೆ ಏರುವ ಘಾಟಿ ರಸ್ತೆಯಲ್ಲಿ ಕವಿಕಲ್ ಗಂಡಿ ಸಿಗುತ್ತದೆ. ಹೆಸರು ಕೇಳಿ ಮೊಮ್ಮಗ, “ಕೆಮ್ಮಣ್ಣುಗುಂಡಿ ತರಹನಾ?” ಎಂದ. ಅಲ್ಲ. ಅದು ಗುಂಡಿ, ಇದು ಗಂಡಿ. ಕೊಂಬು ಕೊಟ್ಟರೆ ಹಳ್ಳ, ಕೊಂಬು ತೆಗೆದರೆ ದಾರಿ!

ಇವೆರಡೂ ಇರುವುದು ಒಂದೇ ಬೆಟ್ಟಸಾಲಿನಲ್ಲಿ. ಅದರ ಹೆಸರು ಚಂದ್ರದ್ರೋಣ ಪರ್ವತ. ಬಿದಿಗೆ ಚಂದ್ರನ ಹಾಗೆ ಬಾಗಿರುವುದರಿಂದ ಆ ಹೆಸರು ಬಂತು ಎನ್ನುತ್ತಾರೆ. ಚಂದ್ರತಾಲ್‌ಗೂ ಬಾಗಿದ ಚಂದ್ರನ ಆಕಾರದಿಂದಲೇ ಹೆಸರು. ಅಲ್ಲಿ ಕೆರೆ ಬಾಗಿದೆ, ಇಲ್ಲಿ ಬೆಟ್ಟವೇ ಬಾಗಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ (1,930 ಮೀಟರ್) ಈ ಸಾಲಿನಲ್ಲೇ ಇದೆ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಗುಹೆಯಿರುವ ಬಾಬಾಬುಡನ್‌ಗಿರಿ (1,895 ಮೀಟರ್) ಇಲ್ಲೇ ಇದೆ. 17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್ ದೇಶದಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರು ಎಂಬುದು ಪ್ರತೀತಿ. ನಿಮ್ಮ ಅಜ್ಜಿ ಬೆಳಿಗ್ಗೆ ಕುಡಿಯುವ ಕಾಫಿಯ ಕಥೆ ಶುರುವಾಗುವುದೇ ಅಲ್ಲಿ.

ಬಾಬಾಬುಡನ್‌ಗಿರಿಯಿಂದ ಬೆಟ್ಟದ ಮೈಯಲ್ಲಿ ನಡೆದರೆ ಗಾಳಿಕೆರೆ. ಚಂದ್ರತಾಲ್ ಮುಂದೆ ಅದು ಪುಟ್ಟ ಹೊಂಡ. ಹಿಮಾಲಯದ ಎಷ್ಟೋ ಸರೋವರಗಳನ್ನು ಹಿಮನದಿಗಳು ಕೊರೆದಿವೆ. ನಮ್ಮ ಪಶ್ಚಿಮಘಟ್ಟಕ್ಕೆ ಹಿಮನದಿ ಬಂದದ್ದೇ ಇಲ್ಲ. ಇಲ್ಲಿ ಕೆಲಸ ಮಾಡುವುದು ಮಳೆ ಮತ್ತು ಹುಲ್ಲು. ಬೆಟ್ಟದ ನೆತ್ತಿಯ ಹುಲ್ಲು, ಮಡಿಲಿನ ಶೋಲಾ ಕಾಡು ಮಳೆಗಾಲದ ನೀರನ್ನು ಸ್ಪಂಜಿನ ಹಾಗೆ ಹೀರಿಕೊಂಡು ನಿಧಾನವಾಗಿ ಬಿಡುತ್ತವೆ.

ಆ ನೀರು ನಮಗೆ ಪರಕೀಯವಲ್ಲ. ಬೆಟ್ಟದ ಒಳಮಗ್ಗುಲಿಗೆ ಬಿದ್ದ ಹನಿ ಜಾಗರ ಕಣಿವೆಯ ಸೋಮವಾಹಿನಿಯ ಮೂಲಕ ಭದ್ರೆಗೆ ಸೇರಿ, ಭದ್ರಾವತಿ ಸೇತುವೆಯಡಿ ಹಾದು, ಕೂಡ್ಲಿಯಲ್ಲಿ ಶಿವಮೊಗ್ಗದ ತುಂಗೆಯನ್ನು ಕೂಡುತ್ತದೆ. ಹೊರಮಗ್ಗುಲಿಗೆ ಬಿದ್ದ ಹನಿ ವೇದಾವತಿಯಾಗಿ, ಹಿರಿಯೂರಿನ ವಾಣಿವಿಲಾಸ ಸಾಗರ ಕಂಡು, ಹಗರಿ ಎಂದು ಕರೆಸಿಕೊಂಡು, ಕೊನೆಗೆ ತುಂಗಭದ್ರೆಗೇ ಬಂದು ಸೇರುತ್ತದೆ. ಬೆಟ್ಟದ ತುದಿಯಲ್ಲಿ ಅಗಲಿದ ಹನಿಗಳು ನೂರಾರು ಮೈಲಿ ಸುತ್ತಿ ಮತ್ತೆ ಭೇಟಿಯಾಗುತ್ತವೆ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯ ಕೆಲಸಗಾರ. 1923ರಲ್ಲಿ ಉತ್ಪಾದನೆ ಶುರುಮಾಡಿದ ಆ ಕಾರ್ಖಾನೆಗೆ ಅದಿರು ಬರುತ್ತಿದ್ದದ್ದು ಇದೇ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಬೆಟ್ಟದಿಂದ ತಂತಿಯ ಮೇಲೆ ತೂಗುವ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಸಣ್ಣ ರೈಲಿನಲ್ಲಿ ನಮ್ಮೂರಿಗೆ. “ನಮ್ಮ ಒಲೆಯ ಅನ್ನ ಆ ಬೆಟ್ಟದ ಮಣ್ಣಿನಿಂದ ಬರುತ್ತೆ ಕಣೋ” ಎನ್ನುತ್ತಿದ್ದರು ಅಪ್ಪ. ಹಾಗಾಗಿ ಅದು ನನಗೆ ನೆಂಟರ ಮನೆ ಇದ್ದ ಹಾಗೆ.

ಊಟದ ಮೇಜಿನ ಮೇಲೆ ಲೆಜರ್

35 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಕೈ ಸುಮ್ಮನಿರುವುದಿಲ್ಲ. ಹಳೆಯ ರೂಲ್ಡ್ ಪುಸ್ತಕ ತೆಗೆದು ನಡುವೆ ಗೆರೆ ಎಳೆದೆ. ಎಡಗಡೆ ‘ಹೋಗುವುದು’, ಬಲಗಡೆ ‘ಬರುವುದು’. ಮೊಮ್ಮಗಳು ಗುಮಾಸ್ತೆ, ನಾನು ಮ್ಯಾನೇಜರ್.

ಮೊದಲ ಪ್ರಶ್ನೆ: ಯಾವಾಗ? ಜೂನಿನಿಂದ ಸೆಪ್ಟೆಂಬರ್ ಬೇಡ. ಮಳೆ, ಜಾರಿಕೆ, ಉಂಬಳ. ಏಪ್ರಿಲ್ ಬೇಡ. ಒಣಹುಲ್ಲಿಗೆ ಬೆಂಕಿ ಬೀಳುವ ಕಾಲ. ಜಾತ್ರೆ, ಉತ್ಸವಗಳ ದಿನ ಗಿರಿಯಲ್ಲಿ ವಾಹನಗಳಿಗೆ ನಿರ್ಬಂಧವಿರುತ್ತದೆ. ಹಾಗಾಗಿ ನವೆಂಬರಿನ ಎರಡನೆಯ ಶನಿವಾರ ಎಂದು ಬರೆದೆವು. ವಾಹನಕ್ಕೆ ಮುಂಗಡ ನೋಂದಣಿ, ಕಾಡಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಇವೆಲ್ಲ ಆಗಾಗ ಬದಲಾಗುತ್ತವೆ. ಹೋದ ವರ್ಷದ ನಿಯಮವನ್ನು ನಂಬದೆ ಹೊರಡುವ ವಾರದಲ್ಲೇ ವಿಚಾರಿಸುವುದು ಒಳ್ಳೆಯದು.

ಎರಡನೆಯದು: ಎಷ್ಟು ಹೊತ್ತು ನಡಿಗೆ? ಇದಕ್ಕೊಂದು ಹಳೆಯ ಸೂತ್ರವಿದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಚಾರಣಿಗ ಹೇಳಿದ್ದು. ಈಗಿನ ಅಳತೆಯಲ್ಲಿ ಹೇಳುವುದಾದರೆ, 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮೊಮ್ಮಗಳಿಗೆ ಲೆಕ್ಕ ಕೊಟ್ಟೆ: 6 ಕಿಲೋಮೀಟರ್ ದಾರಿ, 300 ಮೀಟರ್ ಏರು. ದೂರಕ್ಕೆ 72 ನಿಮಿಷ, ಏರಿಗೆ 30, ಒಟ್ಟು 102 ನಿಮಿಷ ಎಂದಳು. ಸರಿ. ಆದರೆ ಅದು ಗಟ್ಟಿ ಕಾಲಿನ ಸ್ಕಾಟಿಷ್ ಮನುಷ್ಯನ ಲೆಕ್ಕ. ದಾರಿಯುದ್ದಕ್ಕೂ ಕಲ್ಲು ಹೆಕ್ಕುವ ಮೊಮ್ಮಗ, ಮಂಡಿ ಹಿಡಿದುಕೊಳ್ಳುವ ಅಜ್ಜಿ, ನೋಟ ನೋಡುವ ನೆಪದಲ್ಲಿ ಉಸಿರು ತೆಗೆದುಕೊಳ್ಳುವ ಅಜ್ಜ ಇರುವ ತಂಡ ಅದನ್ನು ಎರಡರಿಂದ ಗುಣಿಸಬೇಕು. 204 ನಿಮಿಷ!

ಮೂರನೆಯದು: ಚಳಿ. ಒಂದು ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ, ಗಿರಿ 1,895. ವ್ಯತ್ಯಾಸ 1,300 ಮೀಟರಿನ ಮೇಲೆ. ಅಂದರೆ ಇಲ್ಲಿಗಿಂತ 8 ಡಿಗ್ರಿಯಾದರೂ ತಂಪು. ಮೇಲೆ ಗಾಳಿ ಬೇರೆ. ಹೆಸರೇ ಗಾಳಿಕೆರೆ! ಆದ್ದರಿಂದ ಎಲ್ಲರಿಗೂ ಸ್ವೆಟರ್, ಕಿವಿ ಮುಚ್ಚುವ ಟೋಪಿ.

ನಾಲ್ಕನೆಯದು: ಚೀಲ. ನಮ್ಮ ಪಟ್ಟಿ ಇದು:

• ತಲೆಗೆ ಎರಡು ಲೀಟರ್ ನೀರು
• ಅಕ್ಕಿ ರೊಟ್ಟಿ, ಚಟ್ನಿಪುಡಿ, ಪುಳಿಯೋಗರೆ, ಕಡಲೆಬೀಜ, ಬೆಲ್ಲ, ಕಿತ್ತಳೆ
• ಎರಡು ಟಾರ್ಚ್ (ಹಗಲಿನ ನಡಿಗೆಯಾದರೂ ಬೇಕು)
• ಮಕ್ಕಳ ಕೊರಳಿಗೆ ಒಂದೊಂದು ಸೀಟಿ
• ಹಿರಿಯರ ಮಾತ್ರೆ, ಅದರ ಚೀಟಿ, ಬ್ಯಾಂಡೇಜು
• ಮಳೆ ಕೋಟು, ಒಂದು ಜೊತೆ ಒಣ ಕಾಲುಚೀಲ
• ಕಸ ಹೊತ್ತು ತರಲು ಖಾಲಿ ಚೀಲ

ಸೀಟಿ ಯಾಕೆಂದರೆ, ಮಂಜಿನಲ್ಲಿ ಯಾರಾದರೂ ಹಿಂದುಳಿದರೆ ಹುಡುಕಿಕೊಂಡು ಓಡಬಾರದು. ನಿಂತಲ್ಲೇ ನಿಂತು ಊದಬೇಕು. ಕೂಗಿದರೆ ಗಂಟಲು ಸೋಲುತ್ತದೆ, ಸೀಟಿ ಸೋಲುವುದಿಲ್ಲ.

ನನ್ನ ಎದೆಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಹಾಗಾಗಿ ಹೊರಡುವ ಮೊದಲು ಡಾಕ್ಟರನ್ನು ಕೇಳಿದೆ. “ನಡೀರಿ, ಆದರೆ ಮಾತಾಡುತ್ತಾ ನಡೀರಿ. ಮಾತಾಡಲು ಉಸಿರು ಸಾಲದಿದ್ದರೆ ನಿಲ್ಲಿ” ಎಂದರು. ಒಂದೂವರೆ ತಿಂಗಳು ದಿನಾ ಸಂಜೆ ವಿನೋಬನಗರದ ಬೀದಿಗಳಲ್ಲಿ ಚೀಲ ಹೊತ್ತು ನಡೆದೆವು. ನೆರೆಯವರು “ಎಲ್ಲಿಗೆ ಪ್ರಯಾಣ?” ಎಂದು ಕೇಳಿ ಕೇಳಿ ಸುಸ್ತಾದರು.

ಕೊನೆಯ ಸಾಲು

ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆಸಿದೆ: “ಮಧ್ಯಾಹ್ನ 12.30ಕ್ಕೆ ಎಲ್ಲಿದ್ದರೂ ಹಿಂದಿರುಗುವುದು.”

ಮೊಮ್ಮಗ ಬಿಡಲಿಲ್ಲ. “ಕೆರೆ ಕಾಣದೇ ಇದ್ರೂ?”

“ಕಾಣದೇ ಇದ್ದರೂ.”

“ಯಾಕೆ?”

ಆಗ 47 ವರ್ಷ ಮಕ್ಕಳಿಗೆ ಹೇಳದೇ ಇದ್ದ ಕಥೆಯನ್ನು ಹೇಳಬೇಕಾಯಿತು.

1978ರ ಫೆಬ್ರವರಿ. ನಾನು ಭದ್ರಾವತಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಕೆಲಸಕ್ಕಿದ್ದೆ. ಶಾಖೆಯ ಭದ್ರಕೋಣೆಗೆ ಎರಡು ಕೀಲಿ. ಒಂದು ಮ್ಯಾನೇಜರ ಬಳಿ, ಇನ್ನೊಂದು ಹೆಡ್ ಕ್ಯಾಷಿಯರ ಬಳಿ. ಎರಡೂ ಸೇರದೆ ಬಾಗಿಲು ತೆರೆಯದು. ಹೆಡ್ ಕ್ಯಾಷಿಯರು ರಜೆಯಲ್ಲಿದ್ದುದರಿಂದ ಆ ವಾರ ಕೀಲಿ ನನ್ನ ಕೈಗೆ ಬಂದಿತ್ತು. ಭಾನುವಾರ ನಾವು ನಾಲ್ವರು ಗೆಳೆಯರು ಕೆಮ್ಮಣ್ಣುಗುಂಡಿಯಿಂದ ಬಾಬಾಬುಡನ್‌ಗಿರಿಗೆ ಬೆಟ್ಟದ ಮೇಲಿಂದಲೇ ನಡೆಯಲು ಹೊರಟೆವು. ಕೀಲಿ ನನ್ನ ಷರಾಯಿಯ ಜೇಬಿನಲ್ಲಿತ್ತು.

ಬಸ್ಸು ತಡವಾಗಿ, ನಡಿಗೆ ಶುರುವಾದದ್ದೇ 11 ಗಂಟೆಗೆ. ಗಾಳಿಕೆರೆ ತಲುಪಿದಾಗ ಸಂಜೆ 5 ಆಗಿತ್ತು. ಹುಲ್ಲಿನ ಬೆಟ್ಟ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಗಾಳಿ ಬೀಸಿದಾಗ ನೀರಿನ ಮೇಲೆ ಓಡುವ ಗೆರೆಗಳು ಎದ್ದು, ನಿಂತಾಗ ಆಕಾಶವೇ ಕೆಳಗೆ ಬಂದು ಕೂತಂತೆ. ಎಷ್ಟು ಚಂದವಿತ್ತೆಂದರೆ ಯಾರಿಗೂ ಗಡಿಯಾರ ನೆನಪಾಗಲಿಲ್ಲ. ಸೂರ್ಯ ಮುಳುಗಿದ ಮೇಲೆ ನೆನಪಾಯಿತು. ನಾಲ್ವರಿಗೂ ಸೇರಿ ಒಂದೇ ಟಾರ್ಚು, ಅದೂ ಅರ್ಧ ಗಂಟೆಯಲ್ಲಿ ಮಂಕಾಯಿತು. ದಾರಿ ಕಾಣದೆ ಒಂದು ಬಂಡೆಯ ಮರೆಯಲ್ಲಿ, ಒಬ್ಬರ ಬೆನ್ನಿಗೊಬ್ಬರು ಬೆನ್ನು ಕೊಟ್ಟು, ಹಲ್ಲು ಕಡಿಯುತ್ತಾ ಬೆಳಗು ಮಾಡಿದೆವು.

ಸೋಮವಾರ ಗಿರಿಗೆ ನಡೆದು, ಬಸ್ಸು ಹಿಡಿದು, ಶಾಖೆ ಮುಟ್ಟಿದಾಗ ಮಧ್ಯಾಹ್ನ ಎರಡು. ಬೇರೆ ಶಾಖೆಯಲ್ಲಿಟ್ಟಿದ್ದ ಜೋಡಿ ಕೀಲಿ ತರಿಸಿ ಆಗಷ್ಟೇ ಬಾಗಿಲು ತೆರೆದಿದ್ದರು. ಬೆಳಿಗ್ಗೆ 10ರಿಂದ ಜನ ಕಾದಿದ್ದರು. ಹಣಕ್ಕೆ ಬಂದಿದ್ದ ನಿವೃತ್ತ ಕಾರ್ಮಿಕರೊಬ್ಬರು ಕೈಯಲ್ಲಿ ಔಷಧಿ ಚೀಟಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ನನ್ನ ಮಣ್ಣು ಮೆತ್ತಿದ ಬಟ್ಟೆ ನೋಡಿ, “ಬೆಟ್ಟ ಚೆನ್ನಾಗಿತ್ತಾ ಸ್ವಾಮಿ?” ಎಂದು ಕೇಳಿದರು. ಅಷ್ಟೇ.

ನನಗೆ ಮೆಮೋ ಸಿಕ್ಕಿತು. ಅದು ನ್ಯಾಯವೇ. ಮೆಮೋದ ಅಕ್ಷರಗಳು ಮರೆತುಹೋಗಿವೆ, ಆ ಪ್ರಶ್ನೆ ಮರೆತಿಲ್ಲ. ಈಗ ನಾನೂ ಪಿಂಚಣಿಗೆ ಬೆಂಚಿನ ಮೇಲೆ ಕೂರುವವನು.

ಕಥೆ ಮುಗಿದಾಗ ಮೊಮ್ಮಗಳು ಕೇಳಿದಳು: “ಹಾಗಾದ್ರೆ ನೀವು ಹೋಗೋ ಲೆಕ್ಕ ಮಾತ್ರ ಬರೆದಿದ್ರಿ, ಬರೋ ಲೆಕ್ಕ ಬರೆದೇ ಇರ್ಲಿಲ್ಲ ಅಲ್ವಾ ಅಜ್ಜ?”

ಒಂದೇ ಮಾತಿನಲ್ಲಿ ಆಡಿಟ್ ಮುಗಿಸಿದಳು. ಅವತ್ತಿನಿಂದ ಗಡಿಯಾರದ ಜವಾಬ್ದಾರಿ ಅವಳಿಗೆ ವಹಿಸಿದೆ.

ನವೆಂಬರಿನ ಆ ಶನಿವಾರ

ಬೆಳಿಗ್ಗೆ 5.30ಕ್ಕೆ ಶಿವಮೊಗ್ಗ ಬಿಟ್ಟೆವು. ಕಾರು ಮಗನದು. ಸೊಸೆಗೆ ಶಾಲೆಯ ಕೆಲಸವಿದ್ದುದರಿಂದ ಅವಳು ಬರಲಿಲ್ಲ. ಭದ್ರಾವತಿಯಲ್ಲಿ ತಂಗಿಯ ಮನೆ ಮುಂದೆ ಎರಡು ನಿಮಿಷ ನಿಂತು ಅವಳ ಕೈಗೆ ಒಂದು ಚೀಟಿ ಕೊಟ್ಟೆ. ಎಲ್ಲಿಗೆ, ಯಾವ ದಾರಿ, ಯಾರು ಯಾರು, ಕಾರಿನ ನಂಬರು, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೇವೆ ಎಂಬ ಚೀಟಿ. ಬೆಟ್ಟದಲ್ಲಿ ಮೊಬೈಲಿಗೆ ಸಿಗ್ನಲ್ ಸಿಗದಿರಬಹುದು. “ಸಂಜೆ 7ರವರೆಗೆ ನಮ್ಮ ಸುದ್ದಿ ಬರದಿದ್ದರೆ 112ಕ್ಕೆ ಫೋನ್ ಮಾಡಿ ಈ ಚೀಟಿ ಓದು” ಎಂದೆ. “ಈ ವಯಸ್ಸಿನಲ್ಲಿ ಇದೆಲ್ಲಾ ಬೇಕಿತ್ತಾ ಅಣ್ಣ?” ಎನ್ನುತ್ತಲೇ ಚೀಟಿಯನ್ನು ದೇವರ ಗೂಡಿನಲ್ಲಿಟ್ಟಳು.

ತರೀಕೆರೆ, ಲಿಂಗದಹಳ್ಳಿ ದಾಟಿ ಕೈಮರ. ಅಲ್ಲಿಂದ ತಿರುವು ತಿರುವಾಗಿ ಏರು. ಕವಿಕಲ್ ಗಂಡಿಯಲ್ಲಿ ಇಳಿದಾಗ ಗಾಳಿ ಮೊಮ್ಮಗನ ಟೋಪಿಯನ್ನು ಹಾರಿಸಿಬಿಟ್ಟಿತು. ಅದನ್ನು ಅಟ್ಟಿ ಹಿಡಿದು ತಂದವನು, “ಇದು ಪಾಸ್ ಹೌದು ಅಜ್ಜ” ಎಂದು ಸರ್ಟಿಫಿಕೇಟ್ ಕೊಟ್ಟ. ಅಲ್ಲೇ ರೊಟ್ಟಿ ತಿಂದೆವು.

ಗಿರಿಯಲ್ಲಿ ಕಾರು ನಿಲ್ಲಿಸಿ ನಡಿಗೆ ಶುರುಮಾಡಿದಾಗ 10.10. ನಮ್ಮ ನಿಯಮ: ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ. ಆದ್ದರಿಂದ ನಮ್ಮಾಕೆಯೇ ನಾಯಕಿ. ಅವಳು ಗೊಣಗದೆ, ನಿಲ್ಲದೆ, ಹೂವಾಡಗಿತ್ತಿ ಬೀದಿ ಸುತ್ತುವ ಹಾಗೆ ಒಂದೇ ಗತಿಯಲ್ಲಿ ನಡೆದಳು. ಅರ್ಧ ಗಂಟೆಯಲ್ಲಿ ಗೊತ್ತಾಯಿತು, ತಂಡದಲ್ಲಿ ನಿಧಾನದವನು ನಾನೇ. ಮಾತಾಡುತ್ತಾ ನಡೆಯಬೇಕಿತ್ತಲ್ಲ, ಮಾತು ಚಿಕ್ಕದಾಗುತ್ತಾ ಬಂತು. ಮೂರು ಸಲ ನಿಂತೆ. ಮೂರು ಸಲವೂ ಮೊಮ್ಮಗ, “ಅಜ್ಜ ನೋಟ ನೋಡ್ತಿದ್ದಾರೆ” ಎಂದು ಎಲ್ಲರಿಗೂ ಸಾರಿದ.

ನೋಟವೂ ಹಾಗೇ ಇತ್ತು. ಮಳೆಗಾಲ ಮುಗಿದ ಹುಲ್ಲು, ಅದರ ಮಡಿಕೆಗಳಲ್ಲಿ ಕಪ್ಪುಹಸಿರು ಶೋಲಾ. 2022ರಲ್ಲಿ ಈ ಸಾಲಿನ ಇಳಿಜಾರುಗಳಲ್ಲಿ ಕುರಿಂಜಿ ಹೂ ನೀಲಿಯಾಗಿ ಅರಳಿತ್ತು. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಬಿಡುವ ಹೂ. ಮೊಮ್ಮಗಳು ಬೆರಳೆಣಿಸಿ, “ಹಾಗಾದ್ರೆ 2034. ಆಗ ನನಗೆ 21” ಎಂದಳು. ನನ್ನ ವಯಸ್ಸನ್ನು ಯಾರೂ ಕೂಡಿಸಲಿಲ್ಲ. ನಾನು ಮನಸ್ಸಿನಲ್ಲೇ ಕೂಡಿಸಿದೆ.

12.20ಕ್ಕೆ ಎದುರಿನಿಂದ ನಾಲ್ಕು ಜನ ಹುಡುಗರು ಬಂದರು. “ಕೆರೆ ಎಷ್ಟು ದೂರಪ್ಪಾ?” ಎಂದೆ. “ಆ ದಿಣ್ಣೆ ದಾಟಿದ್ರೆ ಆಯ್ತು ಅಜ್ಜ, ಹತ್ತು ನಿಮಿಷ” ಎಂದರು. ಅವರ ಹತ್ತು ನಿಮಿಷ ನನಗೆ ಇಪ್ಪತ್ತೈದು ಎಂಬುದು ಗೊತ್ತಿತ್ತು. ಗೊತ್ತಿದ್ದೂ ಹೆಜ್ಜೆ ಬೇಗ ಹಾಕಿದೆ. ದಿಣ್ಣೆಯ ಬುಡಕ್ಕೆ ಬಂದಾಗ ಹಿಂದಿನಿಂದ ಸೀಟಿ ಕೇಳಿಸಿತು.

“ಅಜ್ಜ, 12.30.”

“ಇಷ್ಟು ಬಂದು... ಅಲ್ಲೇ ಇದೆ ಪುಟ್ಟಿ. ಸ್ವಲ್ಪ ಹೊತ್ತು.”

“ನೀವೇ ಬರೆಸಿದ್ದಲ್ವಾ? ಕೆಂಪು ಇಂಕಲ್ಲಿ?”

ಸುಳ್ಳೇಕೆ ಹೇಳಲಿ, ಸಿಟ್ಟು ಬಂತು. 74 ವರ್ಷದವನಿಗೆ ಇನ್ನೆಷ್ಟು ನವೆಂಬರುಗಳಿವೆ? 47 ವರ್ಷದ ಮೇಲೆ ಆ ನೀರನ್ನು ಇನ್ನೊಮ್ಮೆ, ಈ ಮಕ್ಕಳ ಜೊತೆ ನೋಡಬೇಕು ಎಂಬ ಆಸೆ ತಪ್ಪೇ? ಮಗನ ಮುಖ ನೋಡಿದೆ. ಅವನು ಏನೂ ಹೇಳಲಿಲ್ಲ. ನಮ್ಮಾಕೆ ಕಲ್ಲಿನ ಮೇಲೆ ಕೂತು ಕಿತ್ತಳೆ ಬಿಡಿಸುತ್ತಾ, “ನಿಮ್ಮ ಕೈಲಿ ಕೀಲಿ ಇದೆ ಅಂದ್ಕೊಳ್ಳಿ” ಎಂದಳು.

ನಾನೂ ಕೂತೆ. ಕಿತ್ತಳೆ ತಿಂದೆವು. ಸಿಪ್ಪೆ ಚೀಲಕ್ಕೆ ಹಾಕಿದೆವು. ತಿರುಗಿದೆವು.

ಮೊಮ್ಮಗ ಸ್ವಲ್ಪ ದೂರ ಅಳುತ್ತಲೇ ಬಂದ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅರ್ಧ ಗಂಟೆಯಾಗಿರಬೇಕು, ಕಣಿವೆಯಿಂದ ಮಂಜು ಹೊಗೆಯ ಹಾಗೆ ಎದ್ದು ಬಂತು. ಹತ್ತು ಹೆಜ್ಜೆ ಮುಂದಿದ್ದ ಅಜ್ಜಿ ಕಾಣದಾದಳು. ಎಲ್ಲರೂ ಕೈ ಕೈ ಹಿಡಿದೆವು. ಹುಡುಗನ ಅಳು ನಿಂತು, ಸೀಟಿ ಶುರುವಾಯಿತು. ಅಜ್ಜಿ ಇದ್ದ ಕಡೆಯಿಂದ, “ಇಲ್ಲೇ ಇದ್ದೀನಿ, ಕಿವಿ ಹೋಗುತ್ತೆ ನಿಲ್ಸೋ” ಎಂಬ ಉತ್ತರ ಬಂತು. ದಾರಿ ಸ್ಪಷ್ಟವಿದ್ದುದರಿಂದ ಭಯವೇನೂ ಆಗಲಿಲ್ಲ. ಆದರೆ ಬರುವಾಗ ಎರಡು ಗಂಟೆ ಇಪ್ಪತ್ತು ನಿಮಿಷ ಹಿಡಿದ ದಾರಿ, ಇಳಿಯಲು ಮೂರು ಗಂಟೆಗೆ ಐದೇ ನಿಮಿಷ ಕಡಿಮೆ ತೆಗೆದುಕೊಂಡಿತು. ಕಾರು ಮುಟ್ಟಿದಾಗ 3.40. ಆ ದಿಣ್ಣೆ ಹತ್ತಿದ್ದರೆ ಎಷ್ಟಾಗುತ್ತಿತ್ತು ಎಂದು ಮೊಮ್ಮಗಳು ಲೆಕ್ಕ ಹಾಕುತ್ತಿದ್ದಳು. ನಾನು ಕೇಳಲಿಲ್ಲ.

ಕೈಮರ ದಾಟಿ ಬಯಲಿಗೆ ಇಳಿದಾಗ ಕತ್ತಲಾಗಿರಲಿಲ್ಲ. ತಂಗಿಗೆ ಫೋನ್ ಮಾಡಿದೆ. ರಾತ್ರಿ ಅವಳ ಮನೆಯಲ್ಲೇ ಊಟ. ಚೀಟಿ ದೇವರ ಗೂಡಿನಲ್ಲಿ ಹಾಗೇ ಇತ್ತು.

ಮುಂದಕ್ಕೆ ಒಯ್ದ ಬಾಕಿ

ಅಜ್ಜ-ಅಜ್ಜಿಯರೇ, ನಿಮ್ಮ ಮೊಮ್ಮಕ್ಕಳೂ ಒಂದು ದಿನ ಬೆಟ್ಟ ಕೇಳುತ್ತಾರೆ. ಕೈಲಾಗದು ಎಂದು ಮೊದಲೇ ಅಡ್ಡಗೆರೆ ಎಳೆಯಬೇಡಿ. ಡಾಕ್ಟರನ್ನು ಕೇಳಿ, ಬೀದಿಯಲ್ಲಿ ಕಾಲು ಪಳಗಿಸಿ, ಮಕ್ಕಳ ಕೈಯಲ್ಲೇ ಲೆಕ್ಕ ಬರೆಸಿ. ಬರೆದ ಮೇಲೆ ಅವರು ಅದನ್ನು ನಿಮಗೇ ಓದಿ ಹೇಳುತ್ತಾರೆ, ಅದಕ್ಕೂ ಸಿದ್ಧರಾಗಿರಿ. ಮಕ್ಕಳೇ, ಹಿರಿಯರು ದಿಣ್ಣೆಯ ಬುಡದಲ್ಲಿ ನಿಂತು “ಸ್ವಲ್ಪ ಹೊತ್ತು” ಎಂದರೆ ಸೀಟಿ ಊದಿ.

ಮರುದಿನ ಮೊಮ್ಮಗಳು ಪುಸ್ತಕ ಮುಗಿಸಿದಳು. ಗಂಡಿ: ನೋಡಿದ್ದು. ಮಂಜು: ನೋಡಿದ್ದು. ಉಂಬಳ: ಒಂದು, ಅಪ್ಪನ ಕಾಲಿಗೆ. ಕೆರೆ ಎಂಬ ಸಾಲಿನ ಮುಂದೆ ಪೆನ್ಸಿಲ್ ಹಿಡಿದು ನನ್ನ ಮುಖ ನೋಡಿದಳು. ಬ್ಯಾಂಕಿನಲ್ಲಿ ಪುಟ ಮುಗಿದರೂ ಲೆಕ್ಕ ಮುಗಿಯದಿದ್ದಾಗ ನಾವು ಬರೆಯುತ್ತಿದ್ದ ಮಾತನ್ನು ಹೇಳಿಕೊಟ್ಟೆ: “ಮುಂದಕ್ಕೆ ಒಯ್ದಿದೆ.”

ಹೊಸ ಪುಟದ ಮೇಲೆ ‘ಜನವರಿ’ ಎಂದು ಬರೆದಾಗಿದೆ. ಈ ಸಲ ಬೆಳಿಗ್ಗೆ 4.30ಕ್ಕೆ ಹೊರಡುವುದು, ಗಂಡಿಯಲ್ಲಿ ಹದಿನೈದೇ ನಿಮಿಷ ನಿಲ್ಲುವುದು. 12.30ರ ಸಾಲು ಹಾಗೇ ಇದೆ. ಮೊಮ್ಮಗ ಅದರ ಕೆಳಗೆ ತನ್ನ ದೊಡ್ಡ ಅಕ್ಷರಗಳಲ್ಲಿ ಇನ್ನೊಂದು ಸೇರಿಸಿದ್ದಾನೆ: “ಅಜ್ಜ ನೋಟ ನೋಡಲು 20 ನಿಮಿಷ ಹೆಚ್ಚು.”